ಓಕ್ಸ್ ಪಂದ್ಯ: ಹೆಣ್ಣುಕುದುರೆಗಳ ಓಟವೊಂದರ ಚರಿತ್ರೆ ಮತ್ತು ಐತಿಹ್ಯ

ಕನ್ನಡ ಜಾನಪದ ಅಧ್ಯಯನದಲ್ಲಿ ಕುದುರೆಗೆ ಸ್ಥಾನವಿಲ್ಲವೆಂದು ಹೇಳುವಂತಿಲ್ಲ. ಮೈಲಾರಲಿಂಗನ ಪರಂಪರೆಯ ಕುದುರೆಕಾರರು, ವೀರಗಲ್ಲುಗಳ ಮೇಲಿನ ಕುದುರೆ ಸವಾರರು, ಹರಕೆಯಾಗಿ ಒಪ್ಪಿಸುವ ಮಣ್ಣಿನ ಕುದುರೆಗಳು, ಇವೆಲ್ಲವೂ ನಮ್ಮ ವಿದ್ವಾಂಸರ ಗಮನಕ್ಕೆ ಬಂದಿವೆ. ಆದರೆ ಪಂದ್ಯದ ಕುದುರೆ ಮಾತ್ರ ಹೊರಗೇ ಉಳಿದಿದೆ. ಅದು ಶ್ರೀಮಂತರ ವಿಲಾಸ, ಜೂಜುಗಾರರ ವ್ಯಸನ, ಜಾನಪದಕ್ಕೆ ಅದರಿಂದ ಆಗಬೇಕಾದ್ದೇನೂ ಇಲ್ಲ ಎಂಬ ಪೂರ್ವಗ್ರಹವೇ ಇದಕ್ಕೆ ಕಾರಣವೆನ್ನಬಹುದು. ವಸ್ತುಸ್ಥಿತಿ ಹಾಗಿಲ್ಲ. ವಂಶಾವಳಿಯನ್ನು ಇಷ್ಟು ನಿಷ್ಠೆಯಿಂದ ಬರೆದಿಟ್ಟ ಲೋಕ ಮತ್ತೊಂದಿಲ್ಲ. ಬರೆದಿಟ್ಟದ್ದರ ಸುತ್ತ ಇಷ್ಟೊಂದು ಐತಿಹ್ಯಗಳನ್ನು ಹೆಣೆದುಕೊಂಡ ಲೋಕವೂ ವಿರಳ. ಇಂಗ್ಲೆಂಡಿನ ಎಪ್ಸಮ್ ಬಯಲಿನಲ್ಲಿ 1779ರಿಂದ ನಡೆದು ಬಂದಿರುವ ಓಕ್ಸ್ ಎಂಬ ಪಂದ್ಯವನ್ನು ಆಧಾರವಾಗಿಟ್ಟುಕೊಂಡು, ಲಿಖಿತ ದಾಖಲೆ ಮತ್ತು ಬಾಯಿಮಾತುಗಳ ನಡುವಿನ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪಂದ್ಯ ಎಳೆಯ ಹೆಣ್ಣುಕುದುರೆಗಳಿಗೆ ಮಾತ್ರ ಮೀಸಲು ಎಂಬುದರಿಂದ, ಹೆಣ್ಣಿನ ವಂಶವನ್ನು ಯಾರು, ಹೇಗೆ ನೆನಪಿಟ್ಟುಕೊಳ್ಳುತ್ತಾರೆ ಎಂಬ ಪ್ರಶ್ನೆಯೂ ಇಲ್ಲಿ ತಾನಾಗಿ ಎದುರಾಗುತ್ತದೆ.

ಮೊದಲಿಗೆ ಪಂದ್ಯದ ಸ್ವರೂಪವನ್ನು ತಿಳಿಯುವುದು ಅಗತ್ಯ. ಐದು ವರ್ಷ ತುಂಬದ ಹೆಣ್ಣುಕುದುರೆಯನ್ನು ಬ್ರಿಟನ್ನಿನ ಪಂದ್ಯಭಾಷೆಯಲ್ಲಿ ಫಿಲ್ಲಿ ಎನ್ನುತ್ತಾರೆ. ಬೆಂಗಳೂರು, ಮೈಸೂರುಗಳ ಪಂದ್ಯದ ಅಂಗಳಗಳಲ್ಲಿ ಕನ್ನಡದ ಬಾಯಿಗೂ ಈ ಮಾತು ಒಗ್ಗಿದೆ. ಓಕ್ಸ್‌ನಲ್ಲಿ ಓಡುವುದು ಮೂರು ವರ್ಷದ ಫಿಲ್ಲಿಗಳು ಮಾತ್ರ. ಥರೋಬ್ರೆಡ್ ತಳಿಯಲ್ಲಿ ವಯಸ್ಸಿನ ಲೆಕ್ಕ ಹುಟ್ಟಿದ ದಿನದಿಂದಲ್ಲ. ಉತ್ತರಾರ್ಧಗೋಳದಲ್ಲಿ ಜನವರಿ 1ರಂದು ಎಲ್ಲ ಕುದುರೆಗಳಿಗೂ ಒಟ್ಟಿಗೆ ಒಂದು ವರ್ಷ ಕೂಡುತ್ತದೆ. ಓಟದ ದೂರ ಒಂದೂವರೆ ಮೈಲಿ, ಅಂದರೆ ಸುಮಾರು 2,400 ಮೀಟರು. ಸ್ಟೇಕ್ಸ್ ಎಂಬ ಪದದ ಮೂಲಾರ್ಥ ನಮ್ಮ 'ಪಣ' ಎಂಬ ಹಳೆಯ ಮಾತಿಗೆ ಹತ್ತಿರವಾದದ್ದು. ಕುದುರೆಯ ಒಡೆಯರೆಲ್ಲ ಮುಂಗಡವಾಗಿ ನಿಗದಿತ ಹಣ ಕಟ್ಟುತ್ತಾರೆ, ಕೂಡಿದ ಮೊತ್ತ ಗೆದ್ದ ಕುದುರೆಯ ಪಾಲಾಗುತ್ತದೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದವರೆಗೆ ಇಂಗ್ಲೆಂಡಿನಲ್ಲಿ ಮುಖ್ಯವೆನಿಸಿದ್ದ ಪಂದ್ಯಗಳ ರೀತಿಯೇ ಬೇರೆ ಇತ್ತು. ಐದಾರು ವರ್ಷದ ಬಲಿತ ಕುದುರೆಗಳು ಭಾರವಾದ ತೂಕ ಹೊತ್ತು ನಾಲ್ಕು ಮೈಲಿಯಷ್ಟು ದೂರವನ್ನು ಒಂದೇ ದಿನ ಹಲವು ಸುತ್ತು ಓಡಬೇಕಿತ್ತು. ಎಳೆಯ ಕುದುರೆಗಳ ಕಿರಿದಾದ, ಒಂದೇ ಓಟದ ಪಂದ್ಯಗಳು ಬಳಕೆಗೆ ಬಂದದ್ದು 1770ರ ದಶಕದ ಈಚೆಗೆ. ಒಡೆಯರಿಗೆ ಹಾಕಿದ ಬಂಡವಾಳದ ಫಲ ಬೇಗ ಕಾಣಬೇಕಾಗಿತ್ತು ಎಂಬುದು ಇದರ ಹಿಂದಿನ ಸರಳ ಕಾರಣ.

ಪಂದ್ಯಕ್ಕೆ ಈ ಹೆಸರು ಬಂದದ್ದು ಒಂದು ಮನೆಯಿಂದ. ಎಪ್ಸಮ್ಮಿಗೆ ಸಮೀಪದ ಕಾರ್ಷಾಲ್ಟನ್ ಬಳಿ ಓಕ್ ಮರಗಳ ತೋಪಿನ ನಡುವೆ 'ದಿ ಓಕ್ಸ್' ಎಂಬ ಹೆಸರಿನ ಮನೆಯಿತ್ತು. ಅದು ಮೊದಲು ಜನರಲ್ ಜಾನ್ ಬರ್ಗಾಯ್ನ್‌ನ ಕೈಯಲ್ಲಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1777ರಲ್ಲಿ ಸಾರಟೋಗದಲ್ಲಿ ಶರಣಾದ ಸೇನಾನಿ ಈತನೇ. ಅವನ ಹೆಂಡತಿ ಲೇಡಿ ಶಾರ್ಲಟ್ ಸ್ಟ್ಯಾನ್ಲಿ ಡರ್ಬಿ ಮನೆತನದ ಮಗಳು. ಮುಂದೆ ಹನ್ನೆರಡನೆಯ ಡರ್ಬಿ ಅರ್ಲ್ ಆದ ಎಡ್ವರ್ಡ್ ಸ್ಮಿತ್-ಸ್ಟ್ಯಾನ್ಲಿಗೆ ಸೋದರತ್ತೆ. ಹೀಗೆ ಮನೆ ಅಳಿಯನಾದ ಬರ್ಗಾಯ್ನ್‌ನಿಂದ ಡರ್ಬಿ ಮನೆತನಕ್ಕೆ ಸಂದಿತು. 1774ರ ಜೂನ್‌ನಲ್ಲಿ ಎಡ್ವರ್ಡ್‌ನ ಮದುವೆ ಲೇಡಿ ಎಲಿಜಬೆತ್ ಹ್ಯಾಮಿಲ್ಟನ್‌ಳೊಂದಿಗೆ ನಿಶ್ಚಯವಾದಾಗ ಈ ಮನೆಯ ಅಂಗಳದಲ್ಲಿ ಬಯಲು ಉತ್ಸವವೊಂದು ನಡೆಯಿತು. ಅಂದಿನ ಪ್ರಸಿದ್ಧ ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಅದಕ್ಕಾಗಿಯೇ ಮಂಟಪವನ್ನು ರೂಪಿಸಿದನು. ಕುಲೀನರು ಹಳ್ಳಿಗರ ವೇಷ ತೊಟ್ಟು ಕುಣಿದರು. ಬರ್ಗಾಯ್ನ್ ಇದನ್ನೇ ವಸ್ತುವಾಗಿಸಿ 'ದಿ ಮೇಡ್ ಆಫ್ ದಿ ಓಕ್ಸ್' ಎಂಬ ನಾಟಕ ಬರೆದನು. ಡೇವಿಡ್ ಗ್ಯಾರಿಕ್ ಅದನ್ನು ಅದೇ ವರ್ಷ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಆಡಿಸಿದನು. ಅಂದರೆ ಪಂದ್ಯ ಹುಟ್ಟುವುದಕ್ಕೆ ಐದು ವರ್ಷ ಮೊದಲೇ 'ಓಕ್ಸ್' ಎಂಬ ಹೆಸರು ಲಂಡನ್ನಿನ ಜನರ ಕಿವಿಗೆ ಬಿದ್ದಿತ್ತು, ಅದೂ ಒಬ್ಬ ಮದುವಣಗಿತ್ತಿಯ ಸಂದರ್ಭದಲ್ಲಿ. ಪಂದ್ಯದ ಚರಿತ್ರೆ ಬರೆದವರು ಈ ಅಂಶವನ್ನು ಅಡಿಟಿಪ್ಪಣಿಯಂತೆ ದಾಟಿಬಿಡುತ್ತಾರೆ. ನನಗೆ ಇದು ಮುಖ್ಯವಾಗಿ ತೋರುತ್ತದೆ. ಕನ್ಯೆ, ಮದುವೆ, ತೋಪು, ಹಬ್ಬ ಎಂಬ ಅರ್ಥಗುಚ್ಛವೊಂದು ಮೊದಲೇ ಸಿದ್ಧವಾಗಿತ್ತು; ಎಳೆಯ ಹೆಣ್ಣುಕುದುರೆಗಳ ಪಂದ್ಯ ಅದರೊಳಗೆ ಬಂದು ಕುಳಿತಿತು.

ಆ ಮದುವೆ ಮಾತ್ರ ಉಳಿಯಲಿಲ್ಲ. ಪಂದ್ಯ ಮೊದಲು ನಡೆದ ಸುಮಾರಿನಲ್ಲೇ ಲೇಡಿ ಎಲಿಜಬೆತ್ ಡಾರ್ಸೆಟ್ಟಿನ ಡ್ಯೂಕ್‌ನೊಡನೆ ಬೆಳೆಸಿದ ಸಂಬಂಧ ಬಯಲಾಗಿ ದಂಪತಿಗಳು ಬೇರ್ಪಟ್ಟರು. ಅರ್ಲ್ ವಿಚ್ಛೇದನ ನೀಡಲಿಲ್ಲ. 1797ರಲ್ಲಿ ಅವಳು ತೀರಿಕೊಂಡ ಮೇಲೆಯೇ ಅವನು ತಾನು ಬಹುಕಾಲದಿಂದ ಮೆಚ್ಚಿದ್ದ ನಟಿ ಎಲಿಜಬೆತ್ ಫಾರೆನ್‌ಳನ್ನು ವಿವಾಹವಾದದ್ದು. ಅರ್ಲ್‌ಗೆ ಡರ್ಬಿ ಪಂದ್ಯವನ್ನು 1787ರಲ್ಲಿ ಗೆದ್ದುಕೊಟ್ಟ ಕುದುರೆಗೆ ಸರ್ ಪೀಟರ್ ಟೀಜಲ್ ಎಂದು ಹೆಸರಿಟ್ಟಿದ್ದನ್ನು ಇಲ್ಲಿ ನೆನೆಯಬಹುದು. ಅದು ಶೆರಿಡನ್ನನ ನಾಟಕವೊಂದರ ಮುದಿ ಗಂಡನ ಹೆಸರು. ಆ ಗಂಡನ ಎಳೆಯ ಹೆಂಡತಿಯ ಪಾತ್ರ ಫಾರೆನ್‌ಳ ಹೆಸರಾಂತ ಪಾತ್ರಗಳಲ್ಲೊಂದು. ಕುದುರೆಗೆ ಹೆಸರಿಡುವುದೂ ಮನದ ಮಾತನ್ನು ಮರೆಯಲ್ಲಿ ನಿಂತು ಹೇಳುವ ಒಂದು ಬಗೆ.

ಮೊದಲ ಓಕ್ಸ್ 1779ರ ಮೇ ತಿಂಗಳಲ್ಲಿ ನಡೆಯಿತು. ಗೆದ್ದದ್ದು ಅರ್ಲ್‌ನ ಸ್ವಂತ ಕುದುರೆ ಬ್ರಿಜೆಟ್. ಮರುವರ್ಷ, 1780ರಲ್ಲಿ, ಗಂಡು ಹೆಣ್ಣು ಎರಡಕ್ಕೂ ತೆರೆದಿದ್ದ ಮತ್ತೊಂದು ಪಂದ್ಯ ಆರಂಭವಾಯಿತು, ಅದೇ ಡರ್ಬಿ. ಲೋಕಪ್ರಸಿದ್ಧವಾದ ಡರ್ಬಿ ಹಿರಿಯದು, ಓಕ್ಸ್ ಅದರ ತಂಗಿ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕಾಲಕ್ರಮದಲ್ಲಿ ಓಕ್ಸೇ ಅಕ್ಕ. ಇನ್ನೊಂದು ಸಂಗತಿಯೂ ಗಮನಾರ್ಹ. ಡರ್ಬಿ ಮೊದಲ ನಾಲ್ಕು ವರ್ಷ ಒಂದು ಮೈಲಿಯ ಓಟವಾಗಿತ್ತು, 1784ರಲ್ಲಿ ಒಂದೂವರೆ ಮೈಲಿಯಾಯಿತು. ಓಕ್ಸ್ ಆರಂಭದಿಂದಲೂ ಒಂದೂವರೆ ಮೈಲಿಯದೇ. ಅಂದರೆ 1780ರಿಂದ 1783ರವರೆಗೆ ಎಪ್ಸಮ್ಮಿನಲ್ಲಿ ಹೆಣ್ಣುಕುದುರೆಗಳು ಡರ್ಬಿಯ ಕುದುರೆಗಳಿಗಿಂತ ಅರ್ಧ ಮೈಲಿ ಹೆಚ್ಚು ಓಡುತ್ತಿದ್ದವು. ಹೆಣ್ಣಿನ ದೌರ್ಬಲ್ಯವನ್ನು ಪರಿಗಣಿಸಿ ಓಕ್ಸ್ ಅನ್ನು ಏರ್ಪಡಿಸಲಾಯಿತು ಎಂಬ ಬಳಕೆಯ ವಿವರಣೆಗೆ ಇದು ಒಪ್ಪುವುದಿಲ್ಲ.

ಡರ್ಬಿಯ ಹೆಸರಿನ ಬಗೆಗಿನ ಐತಿಹ್ಯ ಎಲ್ಲರಿಗೂ ತಿಳಿದದ್ದು. ಬ್ರಿಜೆಟ್ ಗೆದ್ದ ಸಂಭ್ರಮದ ಔತಣದಲ್ಲಿ ಹೊಸ ಪಂದ್ಯದ ಮಾತು ಬಂದಿತಂತೆ. ಅದಕ್ಕೆ ಅರ್ಲ್‌ನ ಹೆಸರಿಡಬೇಕೋ, ಅತಿಥಿಯಾಗಿದ್ದ ಸರ್ ಚಾರ್ಲ್ಸ್ ಬನ್ಬರಿಯ ಹೆಸರಿಡಬೇಕೋ ಎಂದು ನಾಣ್ಯ ಚಿಮ್ಮಿ ನಿರ್ಧರಿಸಿದರಂತೆ. ಹೆಸರು ಅರ್ಲ್‌ಗೆ ಒಲಿಯಿತು, ಆದರೆ ಮೊದಲ ಡರ್ಬಿಯನ್ನು ಗೆದ್ದದ್ದು ಬನ್ಬರಿಯ ಡಯೋಮೆಡ್. ಕೆಲವು ವರ್ಷಗಳ ಹಿಂದೆ ವಿಚಾರ ಸಂಕಿರಣವೊಂದರಲ್ಲಿ ಮಂಡಿಸಿದ ಪ್ರಬಂಧದಲ್ಲಿ ನಾನು ಇದನ್ನು ನಡೆದ ಘಟನೆಯೆಂದೇ ಬರೆದಿದ್ದೆ. ಅದು ತಪ್ಪು. ಈ ಪ್ರಸಂಗಕ್ಕೆ ಸಮಕಾಲೀನ ದಾಖಲೆಯ ಬೆಂಬಲವಿಲ್ಲ. ಇದನ್ನು ಕಟ್ಟುಕಥೆಯೆಂದು ಕಾಣುವವರೇ ಹೆಚ್ಚು. ಐತಿಹ್ಯವನ್ನು ಅಧ್ಯಯನ ಮಾಡುವುದೇ ವೃತ್ತಿಯಾದವನು ಐತಿಹ್ಯವನ್ನೇ ಚರಿತ್ರೆಯೆಂದು ನಂಬಿ ಬರೆದದ್ದು ಮುಜುಗರದ ವಿಷಯವೇ ಸರಿ. ಆದರೆ ತಿದ್ದಿಕೊಂಡು ಮತ್ತೆ ನೋಡಿದಾಗ ಕಥೆಯ ರಚನೆ ಸ್ಪಷ್ಟವಾಗುತ್ತದೆ. ಇಬ್ಬರು ಗೆಳೆಯರು, ಒಂದು ಪಣ, ಒಬ್ಬನಿಗೆ ಹೆಸರು, ಇನ್ನೊಬ್ಬನಿಗೆ ಗೆಲುವು. ಸಮಪಾಲಿನ ನ್ಯಾಯ ಒದಗಿಸುವ ಈ ಆಶಯ ಎಲ್ಲ ಕಡೆಯ ಕಥೆಗಳಲ್ಲಿ ಕಾಣುವಂಥದು. ಬ್ರಿಜೆಟ್ ಮಾತ್ರ ಈ ಕಥೆಯಲ್ಲಿ ಔತಣಕ್ಕೆ ನೆಪವಾಗಿ ಮರೆಯಾಗುತ್ತದೆ.

ಹೆಣ್ಣುಕುದುರೆ ಮರೆಯಾಗುವುದಕ್ಕೆ ಇದಕ್ಕಿಂತ ಮೊದಲಿನ ನಿದರ್ಶನವೂ ಇದೆ. 1776ರಲ್ಲಿ ಡಾಂಕಾಸ್ಟರ್‌ನಲ್ಲಿ ನಡೆದ, ಮುಂದೆ ಸೇಂಟ್ ಲೆಜರ್ ಎಂದು ಹೆಸರಾದ ಪಂದ್ಯವನ್ನು ಗೆದ್ದದ್ದು ಒಂದು ಫಿಲ್ಲಿ. ರಾಕಿಂಗ್‌ಹ್ಯಾಮ್ ಮಾರ್ಕ್ವೆಸ್‌ನ ಆ ಕುದುರೆಗೆ ಓಡುವಾಗ ಹೆಸರೇ ಇರಲಿಲ್ಲ. ಸ್ಯಾಂಪ್ಸನ್ ಎಂಬ ಬೀಜದ ಕುದುರೆಯ ಮಗಳು ಎಂಬಷ್ಟೇ ಗುರುತು. ಅಲ್ಲಾಬಕೂಲಿಯಾ ಎಂಬ ಹೆಸರು ಆಮೇಲೆ ಬಂದದ್ದು. ಇಂದು ಕ್ಲಾಸಿಕ್ ಎಂದು ಕರೆಯಲಾಗುವ ಐದು ಇಂಗ್ಲಿಷ್ ಪಂದ್ಯಗಳಲ್ಲಿ ಅತ್ಯಂತ ಹಳೆಯದರ ಮೊದಲ ವಿಜೇತೆ ತಂದೆಯ ಹೆಸರಿನಿಂದಷ್ಟೇ ಗುರುತಿಸಲ್ಪಟ್ಟ ಹೆಣ್ಣು.

ಹಾಗಿದ್ದೂ ಈ ಲೋಕದ ಅತ್ಯಂತ ಪ್ರಮಾಣಭೂತ ಗ್ರಂಥ ತಾಯಂದಿರ ಹೆಸರಿನ ಮೇಲೆ ನಿಂತಿದೆ. ಜೇಮ್ಸ್ ವೆದರ್ಬಿ 1791ರಲ್ಲಿ ಪೀಠಿಕಾ ಸಂಪುಟವನ್ನು ಹೊರತಂದು, 1793ರಲ್ಲಿ ಮೊದಲ ಸಂಪುಟವಾಗಿ ಪ್ರಕಟಿಸಿದ 'ಜನರಲ್ ಸ್ಟಡ್ ಬುಕ್' ಥರೋಬ್ರೆಡ್ ತಳಿಯ ಕುಲಪಂಜಿ. ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್, ಬೈಯರ್ಲಿ ಟರ್ಕ್ ಎಂಬ ಪೂರ್ವದೇಶದಿಂದ ಬಂದ ಮೂರು ಗಂಡುಕುದುರೆಗಳಿಂದ ಇಡೀ ತಳಿ ಹುಟ್ಟಿತೆಂಬ ಮೂಲಪುರುಷರ ಕಥೆ ಎಲ್ಲರಿಗೂ ಗೊತ್ತು. ಕುಲಪಂಜಿಯನ್ನು ತೆರೆದರೆ ಅದರ ವಿನ್ಯಾಸವೇ ಬೇರೆ. ಅಲ್ಲಿ ನಮೂದುಗಳಿರುವುದು ತಾಯಿಗುದುರೆಗಳ ಹೆಸರಿನಲ್ಲಿ. ಪ್ರತಿ ತಾಯಿಯ ಕೆಳಗೆ ಅವಳು ಯಾವ ವರ್ಷ ಯಾವ ಮರಿ ಹಾಕಿದಳೆಂಬ ಪಟ್ಟಿ. ಇದರ ಕಾರಣ ತೀರ ಲೌಕಿಕವಾದದ್ದು. ಬೀಜದ ಕುದುರೆ ಊರೂರಿನ ಹೆಣ್ಣುಕುದುರೆಗಳನ್ನು ಕೂಡುತ್ತದೆ, ತಾಯಿಗುದುರೆ ಒಡೆಯನ ಲಾಯದಲ್ಲೇ ಇರುತ್ತದೆ, ಮರಿ ಯಾರದೆಂಬುದಕ್ಕೆ ಅವಳೇ ಸಾಕ್ಷಿ. 'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎಂಬ ನಮ್ಮ ಗಾದೆಯನ್ನು ಇಂಗ್ಲೆಂಡಿನ ಕುದುರೆಸಾಕಣೆಯವರು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಂತಿದೆ.

ಈ ಪುಸ್ತಕದಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ ತಾಯಿವಂಶಗಳನ್ನು ಕಂಡುಹಿಡಿದವನು ಬ್ರೂಸ್ ಲೋ ಎಂಬ ಆಸ್ಟ್ರೇಲಿಯದವನು. ಅವನು ತೀರಿಕೊಂಡ ಮೇಲೆ 1895ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ 43 ತಾಯಿವಂಶಗಳಿಗೆ ಅಂಕಿಗಳನ್ನು ಕೊಡಲಾಗಿದೆ. ಡರ್ಬಿ, ಓಕ್ಸ್, ಸೇಂಟ್ ಲೆಜರ್ ಪಂದ್ಯಗಳನ್ನು ಗೆದ್ದ ಕುದುರೆಗಳು ಯಾವ ಮೂಲತಾಯಿಯ ಸಂತಾನದಲ್ಲಿ ಹೆಚ್ಚಾಗಿ ಹುಟ್ಟಿದವು ಎಂಬುದೇ ಆ ಅಂಕಿಗಳ ಆಧಾರ. ಹೆಚ್ಚು ವಿಜೇತರನ್ನು ಕೊಟ್ಟ ವಂಶ ಒಂದನೆಯದು, ಅದರ ಮೂಲತಾಯಿ ಟ್ರೆಗಾನ್ವೆಲ್ಲನ ಬಾರ್ಬ್ ಕುದುರೆ. ಓಕ್ಸ್‌ನ ಗೆಲುವು ಹೀಗೆ ಒಂದು ಮಧ್ಯಾಹ್ನದ ಬಹುಮಾನವಾಗಿ ಮುಗಿಯದೆ, ಇನ್ನೂರು ವರ್ಷ ಹಿಂದಿನ ಅಜ್ಜಿಯೊಬ್ಬಳ ಖಾತೆಗೆ ಜಮೆಯಾಯಿತು. ಗೆಲುವಿಗೂ ವಂಶದ ಅಂಕಿಗೂ ಬ್ರೂಸ್ ಲೋ ಕಲ್ಪಿಸಿದ ಕಾರ್ಯಕಾರಣ ಸಂಬಂಧವನ್ನು ಈಗ ಯಾರೂ ಒಪ್ಪುವುದಿಲ್ಲ. ಆದರೆ ಅವನು ಕೊಟ್ಟ ವಂಶಸಂಖ್ಯೆಗಳು ಗುರುತಿನ ಕ್ರಮವಾಗಿ ಇಂದಿಗೂ ಬಳಕೆಯಲ್ಲಿವೆ. ಅವನ ಪಟ್ಟಿಯಲ್ಲಿರುವ ಮೂಲತಾಯಂದಿರ ಹೆಸರುಗಳನ್ನೇ ನೋಡಬೇಕು. ಆರನೆಯವಳು ಓಲ್ಡ್ ಬಾಲ್ಡ್ ಪೆಗ್, ಅಂದರೆ ಬಿಳಿಮೊಗದ ಮುದಿ ಪೆಗ್ ಎಂಬ ಮನೆಮಾತಿನ ಹೆಸರಿನವಳು. ಮೂರನೆಯವಳಿಗೆ ಹೆಸರೇ ಇಲ್ಲ. ಟ್ರೂ ಬ್ಲೂ ಎಂಬ ಎರಡು ಮಕ್ಕಳ ತಾಯಿ ಎಂಬುದೇ ಅವಳ ಗುರುತು. ಉಳಿದವರಲ್ಲಿ ಬಹುತೇಕರು ಒಡೆಯನ ಅಥವಾ ತಂದೆಯ ಹೆಸರನ್ನು ಹೊತ್ತವರು.

ತುಳುನಾಡಿನ ಬರಿ ವ್ಯವಸ್ಥೆಯ ಪರಿಚಯವಿರುವ ಓದುಗರಿಗೆ ಇದು ಅಪರಿಚಿತವೆನಿಸಲಾರದು. ತಾಯಿಯಿಂದ ಮಗಳಿಗೆ ಸಾಗುವ ಬರಿ ಅಲ್ಲಿಯೂ ಗುರುತಿನ ಆಧಾರ. ಆದರೆ ಮನೆತನದ ಯಜಮಾನಿಕೆ ಸಾಮಾನ್ಯವಾಗಿ ಗಂಡಿನ ಕೈಯಲ್ಲಿ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ಸರಿಯಲ್ಲ. ಮನುಷ್ಯರ ಬಂಧುತ್ವ ಬೇರೆ, ಪಶುಸಾಕಣೆಯ ಲೆಕ್ಕ ಬೇರೆ. ವಂಶ ಎಣಿಸುವ ದಾರಿ ತಾಯಿಯ ಕಡೆಯಿಂದ ಬಂದಮಾತ್ರಕ್ಕೆ ಹೆಣ್ಣಿಗೆ ಒಡೆತನ ಬಂದಿತೆಂದು ಅರ್ಥವಲ್ಲ ಎಂಬುದನ್ನು ತೋರಿಸುವುದಕ್ಕಷ್ಟೇ ಇದನ್ನು ಇಲ್ಲಿ ಪ್ರಸ್ತಾಪಿಸಿದೆ.

ಬಾಯಿಮಾತಿಗಿಂತ ಬರಹ ಹೆಚ್ಚು ನಂಬಲರ್ಹ ಎಂಬ ನಮ್ಮ ಶೈಕ್ಷಣಿಕ ನಂಬಿಕೆಗೆ ಈ ಕುಲಪಂಜಿ ಒಳ್ಳೆಯ ಪರೀಕ್ಷೆ. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಒಂದೇ ಮೂಲತಾಯಿಯ ಸಂತಾನವೆಂದು ಬರೆಯಲಾದ ಕುದುರೆಗಳಲ್ಲಿ ಅದು ಒಂದೇ ಬಗೆಯದಾಗಿರಬೇಕು. 2002ರಲ್ಲಿ ಎಮ್ಮೆಲಿನ್ ಹಿಲ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆ ಕೆಲವು ವಂಶಗಳಲ್ಲಿ ಹಾಗಿಲ್ಲವೆಂದು ತೋರಿಸಿತು. ಅಂದರೆ ಆರಂಭದ ದಿನಗಳಲ್ಲೇ ಎಲ್ಲೋ ಒಂದು ಹೆಣ್ಣುಕುದುರೆಯ ಜಾಗದಲ್ಲಿ ಮತ್ತೊಂದರ ಹೆಸರು ಸೇರಿಕೊಂಡಿದೆ. ಬೇರೊಂದು ತಂಡ 2010ರಲ್ಲಿ ಹೊರತಂದ ಅಧ್ಯಯನ ಇನ್ನೂ ಮಹತ್ವದ್ದು. ಥರೋಬ್ರೆಡ್‌ನ ಮೂಲತಾಯಂದಿರು ಪೂರ್ವದೇಶದಿಂದ ತರಿಸಿದ ಕುಲೀನ ಕುದುರೆಗಳೆಂಬ ನಂಬಿಕೆ ಬಹುಕಾಲದಿಂದ ಇತ್ತು. ಕುಲಪಂಜಿಯಲ್ಲಿ ಕಾಣುವ 'ರಾಯಲ್ ಮೇರ್', 'ಬಾರ್ಬ್ ಮೇರ್' ಎಂಬ ಬಿರುದುಗಳು ಆ ನಂಬಿಕೆಯವೇ. ಆ ತಾಯಂದಿರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ನಾಡಕುದುರೆಗಳ ಪಾಲು ದೊಡ್ಡದೆಂದು ಈ ಅಧ್ಯಯನ ತಿಳಿಸುತ್ತದೆ. ಗಂಡುಕುದುರೆ ಕಡಲಾಚೆಯಿಂದ ಬಂದ ರಾಜಕುಮಾರ, ಹೆಣ್ಣು ಊರಿನ ಹೊಲಗೇರಿಯವಳು. ಬರೆಯುವವರು ಅವಳಿಗೂ ದೂರದೇಶದ ಕುಲವನ್ನು ಅಂಟಿಸಿದರು. ರಾಜಮನೆತನಗಳ ವಂಶಾವಳಿಗಳನ್ನು, ಸ್ಥಳಪುರಾಣಗಳನ್ನು ಓದಿದವರಿಗೆ ಈ ಕ್ರಿಯೆ ಹೊಸದಲ್ಲ.

ಓಕ್ಸ್ ಗೆದ್ದ ಕುದುರೆಗಳಲ್ಲಿ ಐತಿಹ್ಯವನ್ನು ಅತಿಹೆಚ್ಚು ಸೆಳೆದವು, ಡರ್ಬಿಯನ್ನೂ ಗೆದ್ದಂಥವು. ಡರ್ಬಿಯ ಚರಿತ್ರೆಯಲ್ಲಿ ಈವರೆಗೆ ಗೆದ್ದ ಫಿಲ್ಲಿಗಳು ಆರು ಮಾತ್ರ; ಅವುಗಳಲ್ಲಿ ನಾಲ್ಕು ಓಕ್ಸ್ ಅನ್ನೂ ಗೆದ್ದವು. ಮೊದಲನೆಯದು 1801ರ ಎಲಿನರ್. ಒಡೆಯ ಅದೇ ಬನ್ಬರಿ. ಎಲಿನರ್‌ಳ ತಾಯಿ ಯಂಗ್ ಜಯಂಟೆಸ್, ಮೊದಲ ಡರ್ಬಿ ಗೆದ್ದ ಡಯೋಮೆಡ್‌ನ ಮಗಳು. ಡಯೋಮೆಡ್‌ನನ್ನು ಮುದಿಯಾದನೆಂದು ಬನ್ಬರಿ ಅಷ್ಟರಲ್ಲಿ ಮಾರಿಬಿಟ್ಟಿದ್ದ, ಅವನು ವರ್ಜೀನಿಯ ಸೇರಿದ್ದ. ಎಲಿನರ್‌ಳನ್ನು ತಯಾರು ಮಾಡಿದ ಕಾಕ್ಸ್ ಎಂಬವನ ಬಗೆಗೆ ಒಂದು ಕಥೆ ಪ್ರಚಲಿತವಿದೆ. ಪಂದ್ಯಕ್ಕೆ ಮೊದಲೇ ಅವನು ಮರಣಶಯ್ಯೆಯಲ್ಲಿದ್ದನು. ಕೊನೆಯ ಮಾತು ಕೇಳಲು ಪಾದ್ರಿ ಬಾಗಿ ಕಿವಿಗೊಟ್ಟಾಗ ಅವನು ದೇವರ ವಿಷಯ ಎತ್ತದೆ, ಆ ಎಲಿನರ್ ಸಾಮಾನ್ಯಳಲ್ಲ ಎಂಬರ್ಥದ, ಪಾದ್ರಿಯ ಮುಂದೆ ಆಡಬಾರದ ಒರಟು ಮೆಚ್ಚುಗೆಯ ಮಾತಾಡಿ ಪ್ರಾಣಬಿಟ್ಟನಂತೆ. ಒಡೆಯರ ಹೆಸರಿನ ಚರಿತ್ರೆಯಲ್ಲಿ ಲಾಯದವನೊಬ್ಬನ ದನಿ ಉಳಿದಿರುವುದು ಇಂಥ ಕಥೆಗಳಲ್ಲೇ.

1857ರ ಬ್ಲಿಂಕ್ ಬಾನಿ ಡರ್ಬಿ ಗೆದ್ದ ಎರಡೇ ದಿನಕ್ಕೆ ಓಕ್ಸ್ ಗೆದ್ದಿತು. ಅದೇ ವರ್ಷ ಡಾಂಕಾಸ್ಟರ್‌ನಲ್ಲಿ ಸೋತಾಗ ಮೋಸ ನಡೆದಿದೆಯೆಂದು ಜನ ರೊಚ್ಚಿಗೆದ್ದರು. ಅವಳ ಮಗ ಬ್ಲೇರ್ ಅಥಾಲ್ 1864ರಲ್ಲಿ ಡರ್ಬಿ ಗೆದ್ದನು. ಕಥನದ ದೃಷ್ಟಿಯಿಂದ ಇದಕ್ಕಿಂತ ಸ್ವಾರಸ್ಯವಾದದ್ದು 1908ರ ಸಿನ್ಯೊರಿನೆಟ್ಟಾಳ ಪ್ರಸಂಗ. ನ್ಯೂಮಾರ್ಕೆಟ್ಟಿನಲ್ಲಿ ನೆಲೆಸಿದ್ದ ಇಟಲಿಯ ಶೆವಲಿಯರ್ ಗಿನಿಸ್ಟ್ರೆಲ್ಲಿಯ ಬಳಿ ಸಿನ್ಯೊರಿನಾ ಎಂಬ ಹೆಸರಾಂತ ಓಟಗಾತಿಯಿದ್ದಳು. ತಾಯಿಗುದುರೆಯಾಗಿ ಅವಳು ಬಹುವರ್ಷ ಗೊಡ್ಡಾಗಿದ್ದಳು. ಶಾಲುರೋ ಎಂಬ ಅಗ್ಗದ ಬೀಜದ ಕುದುರೆಯೊಂದು ದಿನವೂ ಆ ದಾರಿಯಲ್ಲಿ ಹೋಗುತ್ತಿತ್ತು. ಅವನನ್ನು ಕಂಡಾಗ ಅವಳು, ಅವಳನ್ನು ಕಂಡಾಗ ಅವನು ಕೆನೆಯುತ್ತಿದ್ದರಂತೆ. ಹಿರಿಯ ವಂಶದ ಗಂಡುಗಳನ್ನು ಬಿಟ್ಟು, ಒಲವಿನ ನಿಯಮಕ್ಕೆ ಮೀರಿದ ನಿಯಮವಿಲ್ಲವೆಂದು ಒಡೆಯ ಅವರಿಬ್ಬರನ್ನೂ ಕೂಡಿಸಿದನು. ಹುಟ್ಟಿದ ಮಗಳು ಸಿನ್ಯೊರಿನೆಟ್ಟಾ ಒಂದಕ್ಕೆ ನೂರರ ದರದಲ್ಲಿ ಡರ್ಬಿ ಗೆದ್ದಳು, ಎರಡು ದಿನದ ಮೇಲೆ ಓಕ್ಸ್ ಗೆದ್ದಳು. ಗೊಡ್ಡು ತಾಯಿ, ಕುಲಹೀನ ಗಂಡು, ಒಲವಿನ ಕೂಸು, ಲೋಕ ಬೆರಗಾಗುವ ಗೆಲುವು: ನಮ್ಮ ಜನಪದ ಕಥೆಗಳ ಆಶಯಸೂಚಿಯಲ್ಲಿ ಇವೆಲ್ಲಕ್ಕೂ ಜಾಗವಿದೆ. ವ್ಯತ್ಯಾಸವೆಂದರೆ ಇಲ್ಲಿ ಕೂಸಿನ ಗೆಲುವು ಅಚ್ಚಾದ ದಾಖಲೆ, ಒಲವಿನ ಭಾಗವಷ್ಟೇ ಹೇಳಿಕೆ. ಗೆಲುವು ನಿಜವಾದ್ದರಿಂದಲೇ ಒಲವೂ ನಿಜವೆಂದು ಜನ ನಂಬಿದರು.

ನಾಲ್ಕನೆಯದು 1916ರ ಫಿಫಿನೆಲ್ಲಾ. ಮೊದಲ ಮಹಾಯುದ್ಧದಿಂದಾಗಿ 1915ರಿಂದ 1918ರವರೆಗೆ ಓಕ್ಸ್, ಡರ್ಬಿ ಎರಡೂ ಎಪ್ಸಮ್ ಬಿಟ್ಟು ನ್ಯೂಮಾರ್ಕೆಟ್ಟಿನಲ್ಲಿ ನಡೆದವು, ಎರಡನ್ನೂ ಗೆದ್ದ ಫಿಫಿನೆಲ್ಲಾಳೇ ಡರ್ಬಿ ಗೆದ್ದ ಕೊನೆಯ ಫಿಲ್ಲಿ. ಹೆಸರಿನ ಮುಂದಿನ ಪಯಣ ಕುತೂಹಲಕರ. ವಿಮಾನ ಕೆಡಿಸುವ ಗ್ರೆಮ್ಲಿನ್ ಎಂಬ ಚೇಷ್ಟೆಯ ಕಿರುಭೂತಗಳ ಬಗೆಗೆ ಬ್ರಿಟನ್ನಿನ ವೈಮಾನಿಕರಲ್ಲಿ ಹಬ್ಬಿದ್ದ ಹೊಸ ಜಾನಪದವನ್ನು ರೊಆಲ್ಡ್ ಡಾಲ್ 1943ರಲ್ಲಿ ಪುಸ್ತಕವಾಗಿಸಿದಾಗ ಹೆಣ್ಣು ಗ್ರೆಮ್ಲಿನ್‌ಗಳನ್ನು ಫಿಫಿನೆಲ್ಲಾ ಎಂದು ಕರೆದನು. ಡಾಲ್ ಹುಟ್ಟಿದ್ದು 1916ರಲ್ಲಿ; ಹೆಸರು ಆ ಕುದುರೆಯಿಂದಲೇ ಬಂದಿತೆಂಬ ಹೇಳಿಕೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಮಹಿಳಾ ವೈಮಾನಿಕರ ದಳ ಫಿಫಿನೆಲ್ಲಾಳ ಚಿತ್ರವನ್ನು ತನ್ನ ಲಾಂಛನವಾಗಿ ಧರಿಸಿತು.

ಡರ್ಬಿಯ ದಿನ ಬುಧವಾರದಿಂದ ಶನಿವಾರಕ್ಕೆ ಬದಲಾದದ್ದು 1995ರಲ್ಲಿ. ಓಕ್ಸ್ ಈಗ ಅದರ ಹಿಂದಿನ ಶುಕ್ರವಾರ ನಡೆಯುತ್ತದೆ. ಬ್ಲಿಂಕ್ ಬಾನಿ, ಸಿನ್ಯೊರಿನೆಟ್ಟಾ ಮಾಡಿದಂತೆ ಡರ್ಬಿ ಓಡಿ ದಣಿವಾರಿಸಿಕೊಂಡು ಓಕ್ಸ್ ಓಡುವ ಕ್ರಮಕ್ಕೆ ಹೀಗೆ ಎಡೆಯಿಲ್ಲದಾಯಿತು. ಇಂದಿನ ಫಿಲ್ಲಿ ಎರಡನ್ನೂ ಬಯಸಿದರೆ ಒಂದರ ಮರುದಿನವೇ ಇನ್ನೊಂದನ್ನು ಓಡಬೇಕು. ಡರ್ಬಿ ಗೆದ್ದ ಫಿಲ್ಲಿಗಳ ಸಂಖ್ಯೆ ಆರಕ್ಕೇ ನಿಂತದ್ದಕ್ಕೆ ಶಕ್ತಿಯ ಕೊರತೆಯೇ ಕಾರಣವೆನ್ನುವ ಮೊದಲು, ಹೆಣ್ಣುಕುದುರೆಗೆ ತನ್ನದೇ ದೊಡ್ಡ ಪಂದ್ಯವಿದ್ದಾಗ ಅಲ್ಲಿಗೆ ಕಳಿಸುವುದೇ ಒಡೆಯನಿಗೆ ಲಾಭವೆಂಬುದನ್ನು ಗಮನಿಸಬೇಕು. ಓಕ್ಸ್ ಗೆದ್ದವಳು ಬೆಲೆಬಾಳುವ ತಾಯಿಗುದುರೆಯಾಗುತ್ತಾಳೆ. ಈ ಪಂದ್ಯ ಮೂಲತಃ ತಾಯಂದಿರನ್ನು ಆಯುವ ಪರೀಕ್ಷೆ.

ಓಡುವವರು ಹೆಣ್ಣಾದರೂ ಓಡಿಸುವವರ ಲೋಕ ಗಂಡಸರದಾಗಿತ್ತು. ವಿಕ್ಟೋರಿಯಾ ಕಾಲದಲ್ಲಿ ಕುದುರೆಯಿಟ್ಟ ಹೆಂಗಸರು ಗಂಡುಹೆಸರಿನ ಮರೆಯಲ್ಲಿ ಓಡಿಸಿದರು. ಮಾಂಟ್ರೋಸ್ ಡಚೆಸ್ 'ಮಿಸ್ಟರ್ ಮ್ಯಾಂಟನ್' ಆದಳು, ನಟಿ ಲಿಲಿ ಲ್ಯಾಂಗ್ಟ್ರಿ 'ಮಿಸ್ಟರ್ ಜರ್ಸಿ' ಆದಳು. ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಎಮಿಲಿ ಡೇವಿಸನ್ 1913ರ ಜೂನ್ 4ರಂದು ಡರ್ಬಿಯ ನಡುವೆ ರಾಜನ ಕುದುರೆಯೆದುರು ನುಗ್ಗಿ ಗಾಯಗೊಂಡು 8ರಂದು ತೀರಿಕೊಂಡಳು. ನಡುವೆ, 6ರಂದು, ಅದೇ ಹುಲ್ಲಿನ ಮೇಲೆ ಓಕ್ಸ್ ಎಂದಿನಂತೆ ನಡೆಯಿತು. ಗೆದ್ದದ್ದು ಜೆಸ್ಟ್ ಎಂಬ ಫಿಲ್ಲಿ. ಮಹಿಳೆಯರಿಗೆ ತಮ್ಮ ಹೆಸರಿನಲ್ಲೇ ತರಬೇತಿಯ ಪರವಾನಗಿ ದೊರೆತದ್ದು 1966ರಲ್ಲಿ, ಅದೂ ಫ್ಲಾರೆನ್ಸ್ ನೇಗಲ್ ಜಾಕಿ ಕ್ಲಬ್ ವಿರುದ್ಧ ನ್ಯಾಯಾಲಯಕ್ಕೆ ಹೋದ ಮೇಲೆ. ಅಲ್ಲಿಯವರೆಗೆ ತರಬೇತಿ ಅವರದು, ಪರವಾನಗಿ ಲಾಯದ ಗಂಡಾಳಿನದು.

ಮನೆಯ ಹೆಸರು ಪಂದ್ಯಕ್ಕೆ, ಪಂದ್ಯದ ಹೆಸರು ಒಂದು ಜಾತಿಯ ಪಂದ್ಯಗಳಿಗೆ ವಿಸ್ತರಿಸಿದ ಬಗೆಯನ್ನೂ ಇಲ್ಲಿ ಸೂಚಿಸಬೇಕು. 1875ರಲ್ಲಿ ಕೆಂಟಕಿ ಓಕ್ಸ್, 1895ರಲ್ಲಿ ಐರಿಷ್ ಓಕ್ಸ್ ಆರಂಭವಾದವು. ಮುಂಬಯಿಯ ಮಹಾಲಕ್ಷ್ಮಿ ಅಂಗಳದಲ್ಲಿ ಇಂಡಿಯನ್ ಓಕ್ಸ್ ನಡೆಯುತ್ತದೆ. ಫ್ರೆಂಚರು 1843ರಲ್ಲಿ, ಜರ್ಮನರು 1857ರಲ್ಲಿ ತಮ್ಮ ಪಂದ್ಯಗಳನ್ನು ಆರಂಭಿಸಿದಾಗ ಮರದ ಹೆಸರನ್ನು ಬಿಟ್ಟು ಡಯಾನಾ ದೇವಿಯ ಹೆಸರಿಟ್ಟರು. ಅವಳು ಕಾಡಿನ, ಬೇಟೆಯ, ಕನ್ಯತ್ವದ ದೇವತೆ. ಕಾಡಿನ ಮರ ಹೋಗಿ ಕಾಡಿನ ದೇವಿ ಬಂದಳು. ಹೆಣ್ಣುಕುದುರೆಗಳ ಇನ್ನೊಂದು ಕ್ಲಾಸಿಕ್ ಪಂದ್ಯ, 1814ರಲ್ಲಿ ನ್ಯೂಮಾರ್ಕೆಟ್ಟಿನಲ್ಲಿ ಮೊದಲಾದ 1000 ಗಿನೀಸ್, ತನ್ನ ಬಹುಮಾನದ ಮೊತ್ತದಿಂದ ಹೆಸರು ಪಡೆಯಿತು. ಗಿನಿ ನಾಣ್ಯದ ಟಂಕಣೆ ಆ ಸುಮಾರಿಗೇ ನಿಂತಿತು. ಟಂಕಸಾಲೆ ಮರೆತ ಆ ನಾಣ್ಯ ಬೆಂಗಳೂರು, ಮೈಸೂರುಗಳ 1000 ಗಿನೀಸ್ ಪಂದ್ಯಗಳ ಹೆಸರಿನಲ್ಲಿ ಕನ್ನಡಿಗರ ನಾಲಗೆಯ ಮೇಲೂ ಉಳಿಯಿತು. ಬೆಂಗಳೂರಿನ ಲಾಯಗಳ ಸೈಸರ ಮಾತಿನಲ್ಲಿ ದಖನಿ, ಕನ್ನಡ, ತಮಿಳು, ತೆಲುಗು ಬೆರೆತಿವೆ. ಕ್ಷೇತ್ರಕಾರ್ಯದ ಹೊತ್ತಿನಲ್ಲಿ ನಾನು ಮಾತಾಡಿಸಿದ ಹಿರಿಯರೊಬ್ಬರು ಯಾವ ಫಿಲ್ಲಿಯ ಬಗೆಗೆ ಕೇಳಿದರೂ ಮೊದಲು ಅದರ ತಾಯಿಯ ನಡತೆಯಿಂದ ಆರಂಭಿಸುತ್ತಿದ್ದರು. ತಂದೆಯ ಹೆಸರಿಗೆ ಪಂದ್ಯದ ಪುಸ್ತಕ ನೋಡಬೇಕೆನ್ನುತ್ತಿದ್ದರು.

ಭಾರತದ ಹೆಸರೊಂದು ಓಕ್ಸ್‌ನ ವಂಶವೃಕ್ಷದೊಳಗೂ ಸೇರಿದೆ. ಮೂರನೆಯ ಆಗಾ ಖಾನ್ 1921ರಲ್ಲಿ ಹುಟ್ಟಿದ ತನ್ನ ಬೂದುಬಣ್ಣದ ಫಿಲ್ಲಿಗೆ ಮುಮ್ತಾಜ್ ಮಹಲ್ ಎಂದು ಹೆಸರಿಟ್ಟನು. ಅಸಾಧಾರಣ ವೇಗದ ಅವಳಿಗೆ ಒಂದೂವರೆ ಮೈಲಿ ಒಗ್ಗುವಂತಿರಲಿಲ್ಲ. 1924ರ 1000 ಗಿನೀಸ್‌ನಲ್ಲಿ ಎರಡನೆಯವಳಾದಳು. ಅವಳ ಮಗಳು ಮಾಹ್ ಮಹಲ್, ಅವಳ ಮಗಳು ಮಾಹ್ ಇರಾನ್, ಅವಳ ಮಗಳು ಸ್ಟಾರ್ ಆಫ್ ಇರಾನ್, ಅವಳ ಮಗಳು ಪೆಟೀಟ್ ಎತ್ವಾಲ್. ಈಕೆ 1959ರಲ್ಲಿ 1000 ಗಿನೀಸ್ ಅನ್ನು ಬೇರೊಬ್ಬ ಸವಾರನೊಡನೆ ಗೆದ್ದು ಬಂದವಳು, ಓಕ್ಸ್ ಅನ್ನು ಲೆಸ್ಟರ್ ಪಿಗಟ್‌ನೊಡನೆ ಗೆದ್ದಳು. ಮುತ್ತಜ್ಜಿಯ ತಾಯಿಗೆ ದಕ್ಕದ ಓಟ ನಾಲ್ಕನೆಯ ತಲೆಮಾರಿನ ಹೆಣ್ಣಿಗೆ ದಕ್ಕಿತು.

ದಿ ಓಕ್ಸ್ ಮನೆಯನ್ನು 1950ರ ದಶಕದ ಕೊನೆಯ ಹೊತ್ತಿಗೆ ಕೆಡವಲಾಯಿತು. ಆ ಜಾಗ ಈಗ ಸಾರ್ವಜನಿಕ ಉದ್ಯಾನ. ಪಂದ್ಯ ನಡೆಯುತ್ತಿದೆ. 2021ರಲ್ಲಿ ಸ್ನೋಫಾಲ್ ಎಂಬ ಫಿಲ್ಲಿ 16 ಕುದುರೆಯುದ್ದಗಳ ಅಂತರದಿಂದ ಓಕ್ಸ್ ಗೆದ್ದಿತು. ಅದಕ್ಕೆ ಮೊದಲಿನ ದಾಖಲೆ 1983ರ ಸನ್ ಪ್ರಿನ್ಸೆಸ್‌ಳ 12 ಕುದುರೆಯುದ್ದ. ಇದೇ ಸ್ನೋಫಾಲ್ 2020ರ ಅಕ್ಟೋಬರ್‌ನಲ್ಲಿ ನ್ಯೂಮಾರ್ಕೆಟ್ಟಿನ ಪಂದ್ಯವೊಂದರಲ್ಲಿ ಅದೇ ಲಾಯದ ಮದರ್ ಅರ್ತ್ ಎಂಬ ಫಿಲ್ಲಿಯ ಹೆಸರಿನಲ್ಲಿ ಓಡಿತ್ತು, ಮದರ್ ಅರ್ತ್ ಇವಳ ಹೆಸರಿನಲ್ಲಿ. ಮೂರನೆಯ ಸ್ಥಾನ ಸ್ನೋಫಾಲ್‌ಗೆ ಬಂದಿತೆಂದು ಪ್ರಕಟಿಸಿ ಆಮೇಲೆ ತಿದ್ದಬೇಕಾಯಿತು. ನಿಜವಾಗಿ ಅವಳು ಬಂದದ್ದು ಎಂಟನೆಯವಳಾಗಿ. ಚರ್ಮದಡಿಯಲ್ಲಿ ಗುರುತಿನ ಚಿಪ್ ಇರಿಸುವ ಕಾಲದಲ್ಲೂ ಇಬ್ಬರು ಹೆಣ್ಣುಕುದುರೆಗಳ ಹೆಸರು ಅದಲುಬದಲಾಗುವುದಾದರೆ, ಸ್ಟಡ್ ಬುಕ್ಕಿಗೆ ಮೊದಲಿನ ದಿನಗಳ ತಪ್ಪುಗಳಿಗೆ ಅಚ್ಚರಿಪಡಬೇಕಾಗಿಲ್ಲ. ಮರುವರ್ಷ ಮದರ್ ಅರ್ತ್ 1000 ಗಿನೀಸ್ ಗೆದ್ದಳು. ಸ್ನೋಫಾಲ್ 2022ರ ಜನವರಿಯಲ್ಲಿ, ತಾಯಿಗುದುರೆಯಾಗುವ ಮೊದಲೇ, ಸೊಂಟದ ಗಾಯದಿಂದ ತೀರಿಕೊಂಡಳು. ಕುಲಪಂಜಿಯಲ್ಲಿ ಅವಳಿರುವುದು ಅವಳ ತಾಯಿ ಬೆಸ್ಟ್ ಇನ್ ದಿ ವರ್ಲ್ಡ್‌ನ ಹೆಸರಿನ ಕೆಳಗೆ, ಒಂದು ಸಾಲಿನಲ್ಲಿ.